ಅವ್ವಗ ಮರೆವು ಹೆಚ್ಚಾಗೈತೋ, ಕಣ್ಣ ಕಾಣವಲ್ವೋ?

ಖಣದ ಮನಿ ಮಗಳು, ನವನಗರ, ಬಾಗಲಕೋಟೆ
ಸೋಮವಾರ ರಾತ್ರಿ 10.40

ಎಲ್ಲಾರಿಗೂ ಶರಣ್ರಿ. ಇಷ್ಟು ದಿನ ಬರೇ ಓದತಿದ್ದೆ, ಇವತ್ತ ಬರೀಲೇಬೇಕು ಅನ್ನಿಸ್ತು.

ನಮ್ಮವ್ವಗ ಈಗ 79. ಗುಳೇದಗುಡ್ಡದ ಮಗ್ಗದ ಮನಿಯಾಗ ಹುಟ್ಟಿದಾಕಿ. ಎರಡು ಬೆರಳಾಗ ಹಿಡದು ತಿಕ್ಕಿದ್ರ ಸಾಕು, ಖಣ ರೇಷ್ಮಿದೋ ಅಲ್ಲೋ ಹೇಳತಿದ್ಲು. ಎರಡು ವರ್ಷದ ಹಿಂದ ಅಲ್ಝೈಮರ್ ಅಂತ ಗೊತ್ತಾತು. ಗುಳಿಗಿ ನಡದಾವ. ಹೆಸರು ಮರೀತಾಳ, ನನ್ನ ತನ್ನ ತಂಗಿ ಅಂತ ತಿಳೀತಾಳ. ಅದಕ್ಕ ನಾವು ಹೊಂದಿಕೊಂಡೇವಿ.

ಈ ನಾಲ್ಕು ತಿಂಗಳಿಂದ ಬ್ಯಾರೇನ ಶುರುವಾಗೈತಿ. ಸ್ಟೀಲ್ ತಾಟಿನಾಗ ಮೊಸರನ್ನ ಕೊಟ್ರ ತಾಟ ನೋಡಕೋತ ಕುಂದರತಾಳ, ಕೈ ಹಚ್ಚೂದಿಲ್ಲ. 'ಉಣ್ಣs ಯವ್ವಾ' ಅಂದ್ರ 'ಏನ ಉಣ್ಲಿ, ಖಾಲಿ ಐತಿ' ಅಂತಾಳ. ಅದs ತಾಟಿನ ಮಗ್ಗಲಕ ಗುರೆಳ್ಳ ಹಿಂಡಿ ಇಟ್ರ ಅದನ್ನಷ್ಟ ಬೆರಳಿಗೆ ಹಚಗೊಂಡು ನೆಕ್ಕತಾಳ. ಬಚ್ಚಲ ಬಾಗಲದಾಗ ಕರೀ ಕಾಲೊರಸು ಹಾಸೇವಿ. ಅಲ್ಲಿಗೆ ಬಂದು ನಿಂತ ಬಿಡತಾಳ. 'ಬಾವಿ ಐತಿ, ಬೀಳತೀನಿ' ಅಂತ ನನ್ನ ರಟ್ಟಿ ಬಿಗಿ ಹಿಡೀತಾಳ. ಹೊಸಾ ಟೈಲ್ಸ್ ಮ್ಯಾಲೆ ಸೀರಿ ಎತ್ತಿ ಹಿಡದು ನಡೀತಾಳ, ಹಳ್ಳ ದಾಟಿದಂಗ. ಸಂಜಿ ಆತಂದ್ರ ಕನ್ನಡಿ ಕಪಾಟದ ಮುಂದ ನಿಂತು 'ಈ ಮುದುಕಿನ್ನ ಯಾರ ಒಳಗ ಬಿಟ್ರಿ' ಅಂತ ಬೈತಾಳ. ಆಮ್ಯಾಲೆ 'ಮನಿಗೆ ಹೋಗೂಣು ನಡಿ' ಅಂತ ಹಟ. ಅಕಿ ಕೇಳೂ ಮನಿ ಹಳೇ ಬಾಗಲಕೋಟಿಯಾಗ ಆಲಮಟ್ಟಿ ಹಿನ್ನೀರಿನ ಪಾಲಾಗಿ ಎಷ್ಟೋ ವರ್ಷ ಆತು. ಎಲ್ಲಿಗಂತ ಕರಕೊಂಡ ಹೋಗ್ಲಿ?

ಮನ್ಯಾಗ ಎಲ್ಲಾರೂ 'ರೋಗ ಮುಂದಿನ ಹಂತಕ್ಕ ಹೋತು' ಅಂತಾರ. ನನಗ ಮಾತ್ರ ಆ ಗುರೆಳ್ಳ ಹಿಂಡಿ ತಲಿಯಾಗ ಕುಂತೈತಿ. ಕರೇದು ಕಾಣತೈತಿ, ಬೆಳ್ಳಂದು ಕಾಣೂದಿಲ್ಲ. ಇದು ಮರೆವು ಹೆಂಗಾಕ್ಕೈತಿ?

ಒಂದ ಕಡೆ ಕಣ್ಣ ತೋರಸಾಕ ಕರಕೊಂಡ ಹೋಗಿದ್ದೆ. ಅಲ್ಲಿಯವರು 'ಅಕ್ಷರ ತೋರಿಸಿದ್ರ ಹೇಳಾಕ ಬರೂದಿಲ್ಲ, ಈ ವಯಸ್ಸಿಗೆ, ಈ ಪರಿಸ್ಥಿತಿಯಾಗ ಏನ ಮಾಡತೀರಿ ಬಿಡ್ರಿ' ಅಂದ್ರು. ಅವ್ವ ಸಾಲಿ ಕಲತಾಕಿ ಅಲ್ಲ. ಹಂಗಾದ್ರ ಅಕಿ ಕಣ್ಣಿನ ಪರೀಕ್ಷೆ ಆಗೂದs ಇಲ್ಲೇನ್ರಿ? ಇದನ್ನ ದಾಟಿ ಬಂದವರಿದ್ರ ಹೇಳ್ರಿ.


ಇಂಡಿ ಲಿಂಬಿ
ಸೋಮವಾರ ರಾತ್ರಿ 11.05

ಅಕ್ಕಾರ, ನಮ್ಮ ಮುತ್ಯಾಂದೂ ಹಿಂಗs ಇತ್ತು. ಆ ಕರೀ ಕಾಲೊರಸು ಮೊದಲ ತಗದ ಒಗೀರಿ. ನಾಳೆ ಅಲ್ಲ, ಈಗ. ರಾತ್ರಿ ಎದ್ದಾಗ ಅದನ್ನ ಜಿಗದು ದಾಟಾಕ ಹೋಗಿ ನಮ್ಮ ಮುತ್ಯಾ ಟೊಂಕದ ಎಲುಬು ಮುರಕೊಂಡ.


ತಾಲೂಕಿನ ನೇತ್ರಾಧಿಕಾರಿ, ವಿಜಯಪುರ ಜಿಲ್ಲೆ
ಮಂಗಳವಾರ ಬೆಳಿಗ್ಗೆ 6.15

ಅಕ್ಕಾ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ನಿಮ್ಮ ಪೋಸ್ಟು ಓದಿ ರಾತ್ರಿ ನಿದ್ದೆ ಸರಿಯಾಗಲಿಲ್ಲ. 'ಅಕ್ಷರ ಹೇಳಾಕ ಬರೂದಿಲ್ಲ, ಅದಕ್ಕ ಪರೀಕ್ಷೆ ಆಗೂದಿಲ್ಲ' ಅನ್ನೋ ಮಾತು ತಪ್ಪು. ಮಾತೇ ಬಾರದ ಆರು ತಿಂಗಳ ಕೂಸಿಗೂ ನಾವು ಕಣ್ಣು ಪರೀಕ್ಷೆ ಮಾಡ್ತೀವಿ. ಹಂಗಿದ್ದಾಗ ನಿಮ್ಮ ತಾಯಿಗೆ ಯಾಕೆ ಆಗಬಾರದು?

ರೆಟಿನೋಸ್ಕೋಪ್ ಅಂತ ಒಂದು ಕೈಯಲ್ಲಿ ಹಿಡಿಯೋ ಸಾಧನ ಇರ್ತದೆ. ಅದರಿಂದ ಕಣ್ಣೊಳಗೆ ಬೆಳಕಿನ ಪಟ್ಟಿ ಹಾಯಿಸಿ, ಒಳಗಿಂದ ವಾಪಸ್ ಬರೋ ಕೆಂಪು ಹೊಳಪು ಯಾವ ಕಡೆ ಸರೀತದೆ ಅಂತ ನೋಡಿ ಚಸ್ಮಾ ನಂಬರ್ ತೆಗೀಬಹುದು. ಅವರು ಒಂದು ಮಾತೂ ಆಡಬೇಕಾಗಿಲ್ಲ, ಅರ್ಧ ನಿಮಿಷ ದೂರದ ಒಂದು ಕಡೆ ನೋಡಿದರೆ ಸಾಕು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಇದ್ದರೆ ಆ ಕೆಂಪು ಹೊಳಪಿನಲ್ಲೇ ಕಪ್ಪು ನೆರಳಾಗಿ ಕಾಣ್ತದೆ. ಹನಿ ಹಾಕಿ ಪಾಪೆ ಅಗಲ ಮಾಡಿದರೆ ಹಿಂಪರದೆ (ರೆಟಿನಾ), ನರ ಎಲ್ಲಾ ಕಾಣ್ತದೆ. ಕಣ್ಣಿನೊಳಗಿನ ಒತ್ತಡ ನೋಡೋದೂ ಎರಡು ನಿಮಿಷದ ಕೆಲಸ. ಓದು ಬಾರದವರಿಗೆ ಇಂಗ್ಲಿಷಿನ 'ಇ' ಅಕ್ಷರದ ಕಾಲು ಯಾವ ಕಡೆ ಅಂತ ಕೈಯಲ್ಲಿ ತೋರಿಸೋ ಪಟ ಇರ್ತದೆ, ಚಿತ್ರದ ಪಟ ಇರ್ತದೆ. ಅದೂ ಆಗದಿದ್ದರೆ ಬೂದು ಹಲಗೆಯ ಮೇಲೆ ಒಂದು ಕಡೆ ಚಿತ್ರ, ಒಂದು ಕಡೆ ಖಾಲಿ ಇಟ್ಟು, ಕಣ್ಣು ತಾನಾಗಿ ಯಾವ ಕಡೆ ಹೊರಳ್ತದೆ ಅಂತ ನೋಡ್ತೀವಿ.

ನಿಮ್ಮ ಗುರೆಳ್ಳು ಹಿಂಡಿಯ ಮಾತು ಸರಿಯಾಗೇ ಇದೆ. ಬಿಳಿ ಅನ್ನ, ಬಿಳಿ ಮೊಸರು, ಹೊಳೆಯೋ ಸ್ಟೀಲು. ಇದರಲ್ಲಿ ಅನ್ನ ಎಲ್ಲಿ ಮುಗೀತು, ತಾಟು ಎಲ್ಲಿ ಶುರುವಾಯ್ತು ಅನ್ನೋದನ್ನ ಬೇರೆ ಮಾಡಿ ನೋಡೋ ಶಕ್ತಿ ಒಂದಿದೆ. ವಯಸ್ಸಾದಂಗೆ ಅದು ಎಲ್ಲರಿಗೂ ಕಡಿಮೆ ಆಗ್ತದೆ. 60 ದಾಟಿದವರ ಹಿಂಪರದೆಗೆ 20ರ ಹುಡುಗರಿಗೆ ತಲುಪೋ ಬೆಳಕಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಹೋಗ್ತದೆ, ಯಾಕೆಂದರೆ ಪಾಪೆ ಸಣ್ಣದಾಗ್ತದೆ, ಒಳಗಿನ ಮಸೂರ ಹಳದಿಗಟ್ತದೆ. ಅದರ ಮೇಲೆ ಮೋತಿಬಿಂದು ಕೂತರೆ ಮಂಜು ಕವಿದಂಗೆ. ಅದರ ಮೇಲೆ ಅಲ್ಝೈಮರ್ ಬಂದರೆ ಕಣ್ಣು ಕಳಿಸಿದ್ದನ್ನ ಮೆದುಳು ಬಿಡಿಸಿ ಓದೋದೂ ಕಷ್ಟ. ಆಳ ತಿಳಿಯೋದಿಲ್ಲ, ಅಂಚು ತಿಳಿಯೋದಿಲ್ಲ, ಪಕ್ಕದಿಂದ ಬಂದವರು ಕಾಣೋದಿಲ್ಲ. ಕಪ್ಪು ಚಾಪೆ ಬಾವಿ ಆಗೋದು, ಹೊಳೆಯೋ ಟೈಲ್ಸು ನೀರಾಗೋದು ಅದರಿಂದಲೇ.

ಕರೆದುಕೊಂಡು ಹೋಗುವಾಗ ಬೆಳಗಿನ ಹೊತ್ತು ಹೋಗಿ, ಸಂಜೆ ಬೇಡ. ಹಳೇ ಚಸ್ಮಾ ಎಲ್ಲಾ ಒಯ್ಯಿರಿ, ಗುಳಿಗೆ ಚೀಟಿಯನ್ನೂ ಒಯ್ಯಿರಿ. ಒಂದೇ ದಿನ ಎಲ್ಲಾ ಮುಗಿಸಿ ಅಂತ ಹಟ ಹಿಡೀಬೇಡಿ. ಒಳಗೆ ಹೋಗೋ ಮೊದಲೇ 'ಮರೆವಿನ ಕಾಯಿಲೆ ಇದೆ' ಅಂತ ಹೇಳಿಬಿಡಿ. ಪಾಪೆ ಅಗಲ ಮಾಡೋ ಹನಿ ಹಾಕಿದ ದಿನ ನಾಲ್ಕೈದು ತಾಸು ಮಬ್ಬಾಗಿ ಕಾಣ್ತದೆ, ಬಿಸಿಲು ಚುಚ್ಚತದೆ, ಅವತ್ತು ಗಾಬರಿ ಹೆಚ್ಚಾಗಬಹುದು. ಮನೆಯಲ್ಲಿ ಒಬ್ಬರು ಜೊತೆಗೇ ಇರಬೇಕು.


ಹಳೇ ಜಮಖಂಡಿ
ಮಂಗಳವಾರ ಬೆಳಿಗ್ಗೆ 8.30

ನಮ್ಮ ಕಡೆ ಜೇನತುಪ್ಪ, ಉಳ್ಳಾಗಡ್ಡಿ ರಸ ಕೂಡಿಸಿ ಕಣ್ಣಿಗೆ ಬಿಡತಾರ. ಪೊರಿ ಕರಗತೈತಿ ಅಂತಾರ. ಆಪರೇಷನ್ ಮೊದಲು ಇದನ್ನ ನೋಡಬಹುದಲ್ಲ?


ತಾಲೂಕಿನ ನೇತ್ರಾಧಿಕಾರಿ
ಮಂಗಳವಾರ ಬೆಳಿಗ್ಗೆ 8.42

ಬೇಡ ಅಣ್ಣಾ, ಕೈ ಮುಗಿದು ಕೇಳ್ತೀನಿ. ಪೊರೆ ಕಣ್ಣಿನ ಮೇಲ್ಗಡೆ ಇರೋದಲ್ಲ, ಒಳಗಿನ ಮಸೂರವೇ ಬೆಳ್ಳಗಾಗಿರೋದು. ಮೇಲೆ ಹಾಕಿದ್ದು ಅಲ್ಲಿಗೆ ಮುಟ್ಟೋದಿಲ್ಲ. ಕರಿಗುಡ್ಡೆ ಮೇಲೆ ಹುಣ್ಣಾಗಿ ಕಣ್ಣೇ ಹೋದವರನ್ನ ನೋಡಿದ್ದೇನೆ. ಉರಿ ಆದರೂ 'ಉರೀತೈತಿ' ಅಂತ ಹೇಳಲಾರದ ಜೀವದ ಮೇಲೆ ಇಂಥ ಪ್ರಯೋಗ ಮಾಡಬಾರದು.


ಹಳೇ ಜಮಖಂಡಿ
ಮಂಗಳವಾರ ಬೆಳಿಗ್ಗೆ 9.10

ಆತ್ರಿ, ತಿಳೀತು. ಇನ್ನ ಯಾರಿಗೂ ಹೇಳೂದಿಲ್ಲ.


ಬೀಳಗಿ ಹಿರಿಯ
ಮಂಗಳವಾರ ಮಧ್ಯಾಹ್ನ 1.20

ತಂಗೀ, ನಾನು 74ರವ. ಹಿರ್ಯಾರು ಆಪರೇಷನ್ ಅಂದ್ರ ಯಾಕ ಅಂಜತಾರ ಅಂತ ಒಂದ ಮಾತ ಹೇಳತೀನಿ. ನಮ್ಮ ಬೀಳಗಿಯವರs ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ ಕಣ್ಣಿನ ಶಿಬಿರ ಮಾಡಿದವರು. ಒಂದ ದಿನದಾಗ 833 ಕಣ್ಣಿನ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಯಾಗೈತಿ. 1956ರಾಗ ಪದ್ಮಶ್ರೀ, 1968ರಾಗ ಪದ್ಮಭೂಷಣ ಬಂತು. ನಮ್ಮ ಅಜ್ಜಗ ಕಣ್ಣ ಬಂದದ್ದು ಅಂಥಾದs ಒಂದ ಶಿಬಿರದಾಗ. ಆಗ ಒಳಗ ಮಸೂರ ಕೂಡಸತಿರಲಿಲ್ಲ. ಪೊರಿ ತಗದು ಕಣ್ಣಿಗೆ ಪಟ್ಟಿ ಕಟ್ಟಿ ಅಲ್ಲಾಡದಂಗ ಮಲಗಸತಿದ್ರು, ಆಮ್ಯಾಲೆ ಸೋಡಾ ಬಾಟ್ಲಿ ತಳದಂಥಾ ದಪ್ಪ ಚಸ್ಮಾ. ಅಜ್ಜ ಮಲಗಿದ್ದು, ಪಟ್ಟಿ, ಆ ಚಸ್ಮಾ, ಮನ್ಯಾಗಿನ ಸಣ್ಣ ಹುಡುಗೂರೆಲ್ಲಾ ನೋಡೇವಿ. ನಿಮ್ಮವ್ವನ ಮನಸಿನಾಗೂ ಅದs ಉಳದಿರತೈತಿ. ಮರೆವಿನವರಿಗೆ ನಿನ್ನೆದು ಮರತರೂ ಆಗಿಂದು ನೆಪ್ಪ ಇರತೈತಿ. ಅದಕ್ಕ 'ಆಪರೇಷನ್' ಅನ್ನೂ ಶಬ್ದ ಅಕಿ ಮುಂದ ಆಡಬ್ಯಾಡ. 'ಕಣ್ಣ ತೊಳಸಾಕ ಹೋಗೂಣು' ಅನ್ನು.


ಗೋಕಾಕ ವೈನಿ
ಮಂಗಳವಾರ ಸಂಜೆ 4.05

ಹಿರ್ಯಾರ ಮಾತು ಖರೇ. ನಮ್ಮ ಅತ್ತಿಯವರನ್ನ ಆರು ವರ್ಷ ನೋಡಕೊಂಡೆ, ಹೋದ ವರ್ಷ ಹೋದ್ರು. ಮನ್ಯಾಗ ಏನೇನ ಬದಲಿ ಮಾಡಿದ್ದೆ ಅಂತ ಬರೀತೀನಿ, ತಂಗಿಗೆ ಉಪಯೋಗ ಆದೀತು.

ಮೊದಲ ತಾಟು. ಸ್ಟೀಲ್ ತಾಟು ಪೂರಾ ಬಿಟ್ಟೆ. ಕಡು ನೀಲಿ ಬಣ್ಣದ, ಹೂವಿನ ಚಿತ್ರ ಇಲ್ಲದ ತಾಟು ತಂದೆ. ಅನ್ನ, ಮೊಸರು, ಬಿಳಿ ಜ್ವಾಳದ ರೊಟ್ಟಿ, ಎಲ್ಲಾ ಅದರಾಗ ಎದ್ದ ಕಾಣತಿತ್ತು. ಹಬ್ಬದಾಗ ಬಾಳಿ ಎಲಿ ಮ್ಯಾಲೆ ಬಡಿಸಿದ್ರ ತಾವs ಕಲಸಿ ಉಣತಿದ್ರು, ಅದನ್ನ ನೋಡೇ ನನಗ ಈ ವಿಚಾರ ಹೊಳದದ್ದು. ಹಾಲು ಬಿಳೇ ಕಪ್ಪಿನಾಗ ಬ್ಯಾಡ. ಸ್ಟೀಲ್ ವಾಟಗಾದಾಗ ನೀರ ಎಲ್ಲಿತನಕ ಐತಿ ಅಂತ ಅವರಿಗೆ ಕಾಣೂದಿಲ್ಲ, ಬಣ್ಣದ ಗ್ಲಾಸ್ ಕೊಡ್ರಿ. ಒಮ್ಮೆಲೆ ನಾಲ್ಕು ಪದಾರ್ಥ ಬಡಸಬ್ಯಾಡ್ರಿ, ಒಂದು ಉಂಡ ಮ್ಯಾಲೆ ಇನ್ನೊಂದು.

ಹಾಸಿಗಿ ಮ್ಯಾಲಿನ ಕೌದಿ ತಗದೆ. ಕೌದಿ ಅಂದ್ರ ನನಗೂ ಜೀವ, ಅವರs ಹೊಲದದ್ದು. ಆದ್ರ ಆ ಬಣ್ಣ ಬಣ್ಣದ ತುಣುಕು ನೋಡಿ ರಾತ್ರಿಯೆಲ್ಲಾ 'ಹುಳಾ ಹರದಾಡತಾವ' ಅಂತ ಹೆಕ್ಕತಿದ್ರು. ಒಂದ ಬಣ್ಣದ ಚಾದರ ಹಾಸಿದೆ, ಕೌದಿ ಮಡಚಿ ತಲಿದಿಂಬಿನ ಕೆಳಗ ಇಟ್ಟೆ. ಮುಟ್ಟಿ ನೋಡಕೋತ ಮಲಗತಿದ್ರು.

ಪಾಯಖಾನಿಯೊಳಗ ಬಿಳೇ ಗ್ವಾಡಿ, ಬಿಳೇ ನೆಲ, ಬಿಳೇ ಕಮೋಡ್. ಎಲ್ಲಿ ಕುಂದರಬೇಕಂತ ತಿಳೀದs ಮೂಲ್ಯಾಗ ನಿಂತಬಿಡತಿದ್ರು. ಅದಕ್ಕ ನಾವು 'ಪಾಯಖಾನಿ ಮರತಾರ' ಅಂತ ಡೈಪರ್ ಹಾಕಿ ಎರಡು ತಿಂಗಳ ಕಳದೇವಿ. ಕಡು ಕೆಂಪು ಮುಚ್ಚಳ, ಕೆಂಪು ಕುಂದರೂ ಪಟ್ಟಿ ಹಾಕಿಸಿದ ಮರುವಾರಕ್ಕ ಡೈಪರ್ ಹಗಲಿಗೆ ಬೇಕಾಗಲಿಲ್ಲ. ಆ ಎರಡು ತಿಂಗಳ ನೆನಸಿಕೊಂಡ್ರ ಈಗೂ ಕಣ್ಣಾಗ ನೀರ ಬರತೈತಿ.

ಕನ್ನಡಿಗೆ ಒಂದ ಅರಿವಿ ಮುಚ್ಚರಿ. ಸಂಜಿ ಐದಕ್ಕs ಎಲ್ಲಾ ಲೈಟ್ ಹಚ್ಚರಿ, ಕಿಟಕಿ ಪರದೆ ಎಳೀರಿ. ಕತ್ತಲಾದ ಮ್ಯಾಲೆ ಕಿಟಕಿ ಗ್ಲಾಸೂ ಕನ್ನಡಿ ಆಗತೈತಿ ಅನ್ನೂದು ನನಗ ಬಾಳ ತಡಾ ತಿಳೀತು. ಮಲಗೂ ಖೋಲ್ಯಾಗಿಂದ ಬಚ್ಚಲಕ್ಕ ಹೋಗೂ ಹಾದ್ಯಾಗ ರಾತ್ರಿಯೆಲ್ಲಾ ಸಣ್ಣ ದೀಪ ಇರಬೇಕು. ಕರೆಂಟ ಹೋದಾಗ ತಾನs ಹತ್ತೂ ಬಲ್ಬ ಸಿಗತಾವ, ಅದನ್ನ ಅಲ್ಲೇ ಹಾಕ್ರಿ. ಮೆಟ್ಟಲ ಅಂಚಿಗೆ ಹಳದಿ ಬಣ್ಣ. ಹಿಂದಿನಿಂದ ಬಂದು ಮುಟ್ಟಬ್ಯಾಡ್ರಿ, ಮುಂದ ಬಂದು ಹೆಸರ ಹೇಳಿ ಆಮ್ಯಾಲೆ ಕೈ ಹಿಡೀರಿ. ನಮ್ಮ ಅತ್ತಿಯವರು 'ಹೊಡೀತಾರ' ಅಂತ ಎಲ್ಲಾರೂ ಅಂತಿದ್ರು. ಅವರು ಹೊಡೀತಿದ್ದಿಲ್ರಿ, ಬೆಚ್ಚತಿದ್ರು.


ತಿಲಕವಾಡಿ ಉಪನ್ಯಾಸಕ, ಬೆಳಗಾವಿ
ಮಂಗಳವಾರ ರಾತ್ರಿ 9.30

ಗೋಕಾಕದ ವೈನಿಯವರು ಅನುಭವದಿಂದ ಕಂಡುಕೊಂಡ ತಾಟಿನ ವಿಚಾರಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2004ರಲ್ಲಿ ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಅಲ್ಝೈಮರ್ ಬಲಿತ ಕೆಲವರಿಗೆ ಬಿಳಿ ತಟ್ಟೆಯ ಬದಲು ಗಾಢ ಕೆಂಪು ತಟ್ಟೆ-ಲೋಟ ಕೊಟ್ಟು ನೋಡಿದರು. ಊಟ ಶೇ 25ರಷ್ಟು, ಕುಡಿಯುವುದು ಶೇ 84ರಷ್ಟು ಹೆಚ್ಚಾಯಿತು. ಗಾಢ ನೀಲಿಯೂ ಕೆಲಸ ಮಾಡಿತು, ತಿಳಿ ಬಣ್ಣಗಳು ಮಾಡಲಿಲ್ಲ. ಅದು ಬೆರಳೆಣಿಕೆಯ ಜನರ ಮೇಲೆ ನಡೆದ ಸಣ್ಣ ಅಧ್ಯಯನ. ಆದರೆ ಒಂದು ತಾಟು ಬದಲಿಸಿ ನೋಡಲು ದೊಡ್ಡ ಅಧ್ಯಯನ ಬೇಕಾಗಿಲ್ಲ.

ಇನ್ನೊಂದು ಸಂಗತಿ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಸರಿಪಡಿಸಬಹುದಾದ ಕಾರಣಗಳ ಪಟ್ಟಿಯನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಆಗಾಗ ಪ್ರಕಟಿಸುತ್ತದೆ. 2024ರಲ್ಲಿ ಆ ಪಟ್ಟಿ 14ಕ್ಕೆ ಏರಿತು. ಹೊಸದಾಗಿ ಸೇರಿದ ಎರಡರಲ್ಲಿ ಒಂದು, ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷ. ಅದಕ್ಕೂ ಮೊದಲು, 2021ರ ಕೊನೆಗೆ, ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,038 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು. ಮೋತಿಬಿಂದು ತೆಗೆಸಿಕೊಂಡವರಲ್ಲಿ ಮರೆವಿನ ಕಾಯಿಲೆಯ ಅಪಾಯ ತೆಗೆಸಿಕೊಳ್ಳದವರಿಗಿಂತ ಸುಮಾರು ಶೇ 30 ಕಡಿಮೆ ಇತ್ತು. ಗ್ಲುಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಶಸ್ತ್ರಚಿಕಿತ್ಸೆಯಿಂದ ಆ ವ್ಯತ್ಯಾಸ ಕಾಣಲಿಲ್ಲ. ಮೋತಿಬಿಂದು ತೆಗೆದರೆ ದೃಷ್ಟಿ ಮರಳುತ್ತದೆ, ಗ್ಲುಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಹಾಗಾಗಿ ಈ ಅಂತರಕ್ಕೆ ಅರ್ಥವಿದೆ ಎನಿಸುತ್ತದೆ. ಆದರೆ ಇದನ್ನು ತಪ್ಪಾಗಿ ಓದಬೇಡಿ. ಕಾಯಿಲೆ ಈಗಾಗಲೇ ಬಂದವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಿಂದ ನೆನಪು ವಾಪಸ್ ಬರುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ. ತಂಗಿ ಆ ಆಸೆ ಇಟ್ಟುಕೊಂಡು ಹೋದರೆ ಆಮೇಲೆ ಮನಸ್ಸು ಮುರಿಯುತ್ತದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಅಂದಾಜು ಬಂತು. ನಮ್ಮ ಪ್ರತಿ ಓಣಿಯಲ್ಲೂ ಇಂಥ ಒಂದು ಮನೆ ಇರುತ್ತದೆ.


ಉದ್ಯಮಬಾಗ ಟರ್ನರ್‌ನ ಮಗ, ಬೆಳಗಾವಿ
ಬುಧವಾರ ಬೆಳಿಗ್ಗೆ 7.00

ನಮ್ಮ ಕಥಿ ಇದಕ್ಕ ಉಲ್ಟಾ ಐತಿ, ಅದಕ್ಕs ಬರೀತೇನಿ.

ನಮ್ಮಪ್ಪ ಮೂವತ್ತು ವರ್ಷ ಉದ್ಯಮಬಾಗದಾಗ ಲೇಥ್ ಮ್ಯಾಲೆ ಕೆಲಸ ಮಾಡಿದಾಂವ. ಕೂದಲೆಳಿಯಷ್ಟ ಫರಕು ಇದ್ರೂ ಹಿಡೀತಿದ್ದ. 57ನೇ ವರ್ಷಕ್ಕ ವರ್ನಿಯರ್ ಅನ್ನೂ ಅಳತಿ ಪಟ್ಟಿ ಓದೂದರಾಗ ತಪ್ಪ ಆಗಾಕ ಹತ್ತಿತು. ಕಣ್ಣಿಂದs ಇರಬೇಕಂತ ಚಸ್ಮಾ ಬದಲಿ ಮಾಡಿಸಿದ. ಒಂದಲ್ಲ, ನಾಲ್ಕ ಸಲ. ಟೇಬಲ್ ಮ್ಯಾಲೆ ಮುಂದs ಇದ್ದ ಮೊಬೈಲ್ ಕಾಣತಿದ್ದಿಲ್ಲ, ದೂರ ನೆಲದ ಮ್ಯಾಲೆ ಬಿದ್ದ ಗುಂಡಪಿನ್ನು ಕಾಣತಿತ್ತು. ಪೇಪರ್ ಓದಾಕ ಕುಂತ್ರ ಒಂದ ಸಾಲಿನಿಂದ ಇನ್ನೊಂದ ಸಾಲಿಗೆ ಕಣ್ಣ ಜಿಗೀತಿತ್ತು. ಅಂಗಿ ಹಾಕ್ಕೊಳ್ಳಾಕ ತೋಳ ಎಲ್ಲೈತಿ ಅಂತ ಸಿಗತಿದ್ದಿಲ್ಲ. ಆದ್ರ ನೆನಪು? ಮೂವತ್ತು ವರ್ಷದ ಹಿಂದಿನ ಪಗಾರದ ಲೆಕ್ಕ ಹೇಳತಿದ್ದ. ಮೋತಿಬಿಂದು ಸಣ್ಣದ ಇತ್ತು, ಅದನ್ನೂ ತಗಸೇವಿ. ಏನೂ ಫರಕ ಆಗಲಿಲ್ಲ.

ಕಡೀಕ ಒಬ್ಬರು ಕಣ್ಣಿನ ಡಾಕ್ಟರs ಹೇಳಿದ್ರು, 'ಕಣ್ಣು ಚಲೋ ಅದಾವ, ನರರೋಗದವರನ್ನ ಕಾಣ್ರಿ' ಅಂತ. ಎಂ.ಆರ್.ಐ. ಮಾಡಿಸಿದಾಗ ಮೆದುಳಿನ ಹಿಂಭಾಗ ಸೊರಗಿತ್ತು. ನೋಡಿದ್ದನ್ನ ಅರ್ಥ ಮಾಡಿಕೊಳ್ಳೂ ಜಾಗಾ ಅದು, ತಲಿ ಹಿಂದ ಇರತೈತಿ. ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಅಂತ ಹೆಸರು, 1988ರಾಗ ಬೆನ್ಸನ್ ಅನ್ನೂ ಡಾಕ್ಟರು ಮೊದಲ ಬಿಡಿಸಿ ಬರದದ್ದು. ಬಾಳ ಮಂದಿಯಾಗ ಅದರ ಬುಡದಾಗ ಇರೂದು ಅಲ್ಝೈಮರs, ಆದ್ರ ನೆನಪಿನ ಬದಲಿ ನೋಟದಿಂದ ಶುರುವಾಗತೈತಿ. 50-65ರ ನಡುವಿನವರಿಗೆ ಬರೂದು ಹೆಚ್ಚು.

ಮೂರು ವರ್ಷ ಹೋದುವು ಇದು ತಿಳಿಯೂದರೊಳಗ. ಆ ಮೂರು ವರ್ಷ ಅಪ್ಪನ್ನ ಎಲ್ಲಾರೂ 'ಲಕ್ಷ್ಯ ಇಲ್ಲ, ಕೆಲಸ ಕಳ್ಳ' ಅಂದ್ರು. ನಾನೂ ಅಂದೇನಿ. ಈಗ ದಪ್ಪ ರಟ್ಟಿನಾಗ ಒಂದ ಸಾಲಿನಷ್ಟ ಕಿಂಡಿ ಕೊರದು ಕೊಟ್ಟೇನಿ, ಅದನ್ನ ಪೇಪರ್ ಮ್ಯಾಲೆ ಇಟ್ಟು ಜರಗಿಸಿಕೋತ ಒಂದೊಂದ ಸಾಲ ಓದತಾನ. ಮಾತಾಡೂ ಗಡಿಯಾರ ತಂದೇನಿ. ಟೇಬಲ್ ಮ್ಯಾಲೆ ಒಂದಕ್ಕಿಂತ ಹೆಚ್ಚು ಸಾಮಾನ ಇಡೂದಿಲ್ಲ.

ಅಕ್ಕಾ, ಕಣ್ಣ ತೋರಸ್ರಿ, ಖಂಡಿತ ತೋರಸ್ರಿ. ಅಲ್ಲಿ ಕಣ್ಣ ಚಲೋ ಅದಾವ ಅಂದ್ರ ಮಾತ್ರ ಅಲ್ಲಿಗೇ ಬಿಡಬ್ಯಾಡ್ರಿ.


ಸಿಂದಗಿ ರೈತ
ಬುಧವಾರ ಸಂಜೆ 6.45

ಬ್ಯಾರೆ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮುತ್ಯಾಗ ಎರಡೂ ಕಣ್ಣ ಮಬ್ಬ ಅದಾವ. ದಿನಾ ಸಂಜಿಗೆ 'ಕಟ್ಟಿ ಮ್ಯಾಲೆ ಹುಡುಗೂರು ಕುಂತಾವ, ಹಸದಾವ, ರೊಟ್ಟಿ ಕೊಡ್ರಿ' ಅಂತಾನ. ಯಾರೂ ಇರೂದಿಲ್ಲ. ಊರಾಗ ಗಾಳಿ ಸೋಂಕೈತಿ ಅಂತಾರ, ತಾಯತ ಕಟ್ಟಿಸೇವಿ. ಇದೂ ಕಣ್ಣಿಂದs ಏನು?


ತಾಲೂಕಿನ ನೇತ್ರಾಧಿಕಾರಿ
ಬುಧವಾರ ರಾತ್ರಿ 8.20

ಸಿಟ್ಟು ಯಾಕ್ರಿ ಅಣ್ಣಾ, ಬಹಳ ಮನೆಯವರು ಇದನ್ನ ಹೇಳಿಕೊಳ್ಳೋದೇ ಇಲ್ಲ. ಎರಡು ದಾರಿ ಇದೆ. ದೃಷ್ಟಿ ಬಹಳ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟಿ ತೋರಿಸ್ತದೆ. 1760ರಲ್ಲೇ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ಅನ್ನೋರು ತಮ್ಮ ಅಜ್ಜನಿಗೆ ಮೋತಿಬಿಂದು ಬಂದಾಗ ಮನುಷ್ಯರು, ಪಕ್ಷಿಗಳು, ಕಟ್ಟಡಗಳು ಕಾಣ್ತಿದ್ದದ್ದನ್ನ ಬರೆದಿಟ್ಟಿದ್ದಾರೆ. ಆ ಅಜ್ಜನ ಬುದ್ಧಿ ನೆಟ್ಟಗೇ ಇತ್ತು. ಅದು ಹುಚ್ಚಲ್ಲ, ಗಾಳಿಯೂ ಅಲ್ಲ. ಪೊರೆ ತೆಗೆದು ದೃಷ್ಟಿ ಸುಧಾರಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗ್ತದೆ.

ಇನ್ನೊಂದು, ಲೂಯಿ ಬಾಡಿ ಅನ್ನೋ ಮರೆವಿನ ಕಾಯಿಲೆ. ಅದರಲ್ಲಿ ಕಣ್ಣು ಚೆನ್ನಾಗಿದ್ದರೂ ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣ್ತಾವೆ. ನಡಿಗೆ ನಿಧಾನ, ಕೈಕಾಲು ಬಿಗಿ, ಒಂದು ದಿನ ಚುರುಕು ಒಂದು ದಿನ ಮಂಕು, ನಿದ್ದೆಯಲ್ಲಿ ಕೈಕಾಲು ಬೀಸೋದು, ಇವೂ ಇದ್ದರೆ ನರರೋಗ ತಜ್ಞರಿಗೆ ತಪ್ಪದೆ ತೋರಿಸಿ. 'ಏನೇನೋ ಕಾಣಿಸ್ತದೆ' ಅನ್ನೋದನ್ನ ಡಾಕ್ಟರಿಗೆ ಮೊದಲೇ ಹೇಳಿ. ಯಾಕೆಂದರೆ ಇಂಥವರನ್ನ ಶಾಂತ ಮಾಡೋಕೆ ಅಂತ ಹೆಲೋಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಲೂಯಿ ಬಾಡಿಯವರಿಗೆ ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರನ್ನ ಕೇಳದೆ ನೀವಾಗೇ ಅಂಗಡಿಯಿಂದ ನಿದ್ದೆ ಗುಳಿಗೆ ತರಬೇಡಿ.

ಮುತ್ಯಾ ಕೇಳಿದಾಗ 'ಯಾರೂ ಇಲ್ಲ' ಅಂತ ವಾದಿಸೋದೂ ಬೇಡ. 'ಹುಡುಗೂರಿಗೆ ರೊಟ್ಟಿ ಕೊಟ್ಟೀನಿ ಮುತ್ಯಾ, ನೀ ಉಣ್ಣು' ಅನ್ನಿ. ಕಟ್ಟೆ ಮೇಲೆ ದೊಡ್ಡ ಲೈಟು ಹಾಕಿ, ನೆರಳು ಕಡಿಮೆ ಆಗಲಿ.


ಸಿಂದಗಿ ರೈತ
ಬುಧವಾರ ರಾತ್ರಿ 8.50

ನಿದ್ದಿಯೊಳಗ ಕೈಕಾಲ ಬೀಸತಾನ್ರಿ. ಆಯಿ ಬ್ಯಾರೆ ಮಲಗಾಕ ಹತ್ತಿ ವರ್ಷ ಆತು. ನಾಳೆನs ವಿಜಯಪುರಕ್ಕ ಒಯ್ತೀನಿ.


ಅಥಣಿ ಅಣ್ಣ
ಗುರುವಾರ ಬೆಳಿಗ್ಗೆ 10.15

ಎಲ್ಲಾರೂ ಆಪರೇಷನ್ ಕಡೇನs ಹೇಳಾಕ ಹತ್ತೀರಿ, ಅದರ ಕಷ್ಟಾನೂ ಒಬ್ಬರು ಹೇಳಬೇಕು. ನಮ್ಮ ತಾಯಿಗೆ 84ಕ್ಕ ಮೋತಿಬಿಂದು ತಗಸೇವಿ, ಮರೆವು ಬಲತಿತ್ತು. ಟೇಬಲ್ ಮ್ಯಾಲೆ ಮುಖಕ್ಕ ಅರಿವಿ ಹಾಕಿದ ಕೂಡ್ಲೆ ಎದ್ದ ಕುಂತ್ರು. ಆಮ್ಯಾಲೆ ನಿದ್ದಿ ಬರಿಸಿ ಮಾಡಿದ್ರು. ನಾಕ್ ದಿನ ನಮ್ಮನ್ನ ಯಾರನ್ನೂ ಗುರತ ಹಿಡೀಲಿಲ್ಲ, ರಾತ್ರಿಯೆಲ್ಲಾ ಚೀರಾಟ. ಕಣ್ಣಿನ ಪಟ್ಟಿ ಕಿತ್ತ ಒಗದ್ರು. ದಿನಕ್ಕ ಆರ್ ಸಲ ಹನಿ ಹಾಕಾಕ ಇಬ್ಬರು ಹಿಡೀಬೇಕಾತು. ದೃಷ್ಟಿ ಬಂತು, ಸುಳ್ಳ ಹೇಳೂದಿಲ್ಲ. ಆದ್ರ ಆ ನಾಕ್ ದಿನ ಯಾರ ಮನಿಗೂ ಬ್ಯಾಡ.


ತಾಲೂಕಿನ ನೇತ್ರಾಧಿಕಾರಿ
ಗುರುವಾರ ಮಧ್ಯಾಹ್ನ 2.00

ಅಣ್ಣಾ ಹೇಳಿದ್ದು ನಿಜ, ಇದನ್ನ ಮುಚ್ಚಿಡಬಾರದು. ಅರಿವಳಿಕೆ, ಹೊಸ ಜಾಗ, ಕಣ್ಣಿಗೆ ಪಟ್ಟಿ, ಮೂರೂ ಕೂಡಿದರೆ ಮರೆವಿನವರಿಗೆ ಗಾಬರಿ ಹಿಡೀತದೆ. ಹೆಚ್ಚಿನವರಿಗೆ ದಿನಗಳಲ್ಲಿ ಇಳೀತದೆ, ಕೆಲವರಿಗೆ ಉಳಿಯೋದೂ ಉಂಟು. ಅದಕ್ಕೇ ಬೇಗ ಮಾಡಿಸೋದು ಒಳ್ಳೇದು ಅನ್ನೋದು, ಹೇಳಿದ ಮಾತು ಇನ್ನೂ ಕೇಳುವಾಗಲೇ.

ಈಗ ಶಸ್ತ್ರಚಿಕಿತ್ಸೆ 15-20 ನಿಮಿಷದ್ದು. ಬಹಳ ಸಲ ಬರೀ ಹನಿಯಿಂದ ಮರಗಟ್ಟಿಸಿ ಮಾಡ್ತಾರೆ, ಸಂಜೆಗೆ ಮನೆಗೆ ಬರಬಹುದು. ಬೇಕಾಗಿರೋದು ಅಷ್ಟು ಹೊತ್ತು ಅಂಗಾತ ಅಲ್ಲಾಡದೆ ಮಲಗೋದು. ಅದಕ್ಕೆ ಎರಡು ವಾರ ಮೊದಲೇ ಮನೆಯಲ್ಲಿ ರೂಢಿ ಮಾಡಿಸಿ. ದಿನಾ ಹತ್ತು ನಿಮಿಷ ಅಂಗಾತ ಮಲಗಿಸಿ, ಮೂಗು ಬಾಯಿ ಬಿಟ್ಟು ತೆಳ್ಳನೆ ಬಿಳಿ ಬಟ್ಟೆ ಮುಖದ ಮೇಲೆ ಹಾಕಿ, ಕೈ ಹಿಡಿದು ಕೂತು ಅವರಿಗೆ ಇಷ್ಟವಾದ ಪದ ಹಾಡಿ. ಬರೀ ಕಣ್ಣೀರಿನಂಥ ಹನಿ ತಂದು ದಿನಕ್ಕೆ ಎರಡು ಸಲ ಹಾಕೋದನ್ನೂ ಈಗಲೇ ಶುರು ಮಾಡಿ, ಆಮೇಲೆ ಹನಿ ಹೊಸದು ಅನ್ನಿಸೋದಿಲ್ಲ. ಶಸ್ತ್ರಚಿಕಿತ್ಸೆ ಕೋಣೆಯೊಳಗೆ ಕೈ ಹಿಡಿಯೋಕೆ ನಿಮಗೆ ಬಿಡ್ತಾರಾ ಅಂತ ಕೇಳಿ, ಕೆಲವರು ಬಿಡ್ತಾರೆ. ಒಂದು ಕಣ್ಣು ಮೊದಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಮಸೂರ ಸಮೇತ ಉಚಿತ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರಬೇಕು.

ರೋಗಿ ಹಾಸಿಗೆ ಬಿಟ್ಟು ಏಳೋದೇ ಇಲ್ಲ, ಯಾರ ಮುಖಾನೂ ನೋಡೋದಿಲ್ಲ ಅನ್ನೋ ಹಂತದಲ್ಲಿ ಮಾಡಿಸದೇ ಇರೋದೂ ಸರಿಯಾದ ನಿರ್ಧಾರವೇ. ಯಾರೂ ಅದಕ್ಕೆ ತಪ್ಪಿತಸ್ಥ ಭಾವ ಇಟ್ಕೋಬೇಡಿ.


ಖಣದ ಮನಿ ಮಗಳು
ಎರಡು ವಾರದ ನಂತರ, ರವಿವಾರ

ಎಲ್ಲಾರಿಗೂ ಕೈ ಮುಗೀತೀನಿ. ಕರೀ ಕಾಲೊರಸು ಅವತ್ತs ರಾತ್ರಿ ತಗದೆ. ಮರುದಿನ ಮುಂಜಾನೆ ಅವ್ವ ಕೈ ಹಿಡಿಸಿಕೊಳ್ಳದs ಬಚ್ಚಲಕ್ಕ ಹೋದ್ಲು. ನಾಲ್ಕು ತಿಂಗಳ ಜಗ್ಗಾಡೇವಿ, ನಾಲ್ಕು ತಿಂಗಳ.

ನೀಲಿ ತಾಟು ತಂದೇವಿ. ಮೊಸರನ್ನ ಪೂರಾ ಉಣತಾಳ. ಒಂದ ಸಂಗತಿ ಹೇಳಲೇಬೇಕು: ಅಕಿ ಹಾಕ್ಕೊಂಡಿದ್ದ ಚಸ್ಮಾ ಅಕಿದs ಅಲ್ಲ. ತೀರಿಹೋದ ನಮ್ಮಪ್ಪಂದು. ಯಾವಾಗ ಅದಲಬದಲ ಆಗಿತ್ತೋ. ಬ್ಯಾರೆ ಕಣ್ಣಿನ ಆಸ್ಪತ್ರಿಗೆ ಹೋದೆ, ಹೋದ ಕೂಡ್ಲೆ ಮರೆವಿಂದು ಹೇಳಿದೆ. ಅಲ್ಲಿಯ ಹುಡುಗಿ ನೆಲಕ್ಕ ಕುಂತು, ಅವ್ವನ ಕೈ ತನ್ನ ಕೈಯಾಗ ಇಟಗೊಂಡು, ಬೆಳಕ ಹಾಯಿಸಿ ನೋಡಿದ್ಲು. ಎರಡೂ ಕಣ್ಣಾಗ ಮೋತಿಬಿಂದು ಹಣ್ಣಾಗೈತಿ. ಹಿಂಪರದೆ ಚಲೋ ಐತಿ ಅಂತ ಮಷೀನ್ ಹಚ್ಚಿ ಹೇಳಿದ್ರು. ಬಲಗಣ್ಣಿಗೆ ತಾರೀಖು ಕೊಟ್ಟಾರ. ದಿನಾ ಮಧ್ಯಾಹ್ನ ಮುಖದ ಮ್ಯಾಲೆ ನಮ್ಮಪ್ಪನ ಹಳೇ ಧೋತರದ ತುಂಡ ಹಾಕಿ ಮಲಗಸತೀನಿ, ಮಗ್ಗದ ಪದ ಹಾಡತೀನಿ. ಮೊದಲೆರಡ ದಿನ ಕಿತ್ತ ಒಗದ್ಲು. ಈಗ ಅರಿವಿ ಕೆಳಗಿಂದs ನನಗ ಪದ ತಿದ್ದತಾಳ.

ಅಥಣಿ ಅಣ್ಣಾ, ನಿಮ್ಮ ಮಾತ ಓದಿದ್ದು ಬಾಳ ಚಲೋ ಆತು. ಅಂಜಿಕಿ ಐತಿ, ಆದ್ರ ಕಣ್ಣ ತೆರಕೊಂಡs ಹೊಂಟೀನಿ.


ಗೋಕಾಕ ವೈನಿ
ಅದೇ ರವಿವಾರ

ಹೊಸಾ ಚಸ್ಮಾ ಬಂದ ಮ್ಯಾಲೆ ಕಡ್ಡಿ ಒಳಗ ಅಕಿ ಹೆಸರ ಬರದ ಇಡು ತಂಗೀ. ದಿನಾ ಮುಂಜಾನೆ ಗ್ಲಾಸ್ ಒರಸು. ನಮ್ಮ ಅತ್ತಿಯವರ ಚಸ್ಮಾದ ಮ್ಯಾಲೆ ಎಣ್ಣಿ ಬೆರಳಿನ ಗುರತು ಒಂದ ತಿಂಗಳದ್ದು ಇರತಿತ್ತು.


ಸಿಂದಗಿ ರೈತ
ಅದೇ ರವಿವಾರ

ಮುತ್ಯಾಗ ಲೂಯಿ ಬಾಡಿ ಅಂದ್ರು. ಗುಳಿಗಿ ಬದಲಿ ಮಾಡ್ಯಾರ. ಹುಡುಗೂರು ಈಗೂ ಬರತಾವ, ಆದ್ರ ಕಡಿಮಿ. ಹೇಳಿಕೊಟ್ಟ ಅಕ್ಕಾರಿಗೆ ಶರಣು.


ಖಣದ ಮನಿ ಮಗಳು
ಎರಡು ತಿಂಗಳ ನಂತರ, ಶುಕ್ರವಾರ ರಾತ್ರಿ

ಬಲಗಣ್ಣಿಂದು ಆತು. ಟೇಬಲ್ ಮ್ಯಾಲೆ ಸುಮ್ಮನ ಮಲಗಿದ್ಲು, ಕೈ ಹಿಡಕೊಳ್ಳಾಕ ನನ್ನ ಒಳಗ ಬಿಟ್ಟಿದ್ರು. ಎರಡು ರಾತ್ರಿ ಗಾಬರಿ ಆದ್ಲು, ಪಟ್ಟಿ ಜಗ್ಗತಿದ್ಲು, ತಮ್ಮ ಮತ್ತ ನಾನು ಪಾಳಿ ಮ್ಯಾಲೆ ಎಚ್ಚರ ಕುಂತೇವಿ. ಮೂರನೇ ದಿನ ಇಳೀತು. ಹನಿ ಇನ್ನೂ ನಡದಾವ.

ನೆನಪಿನ ಮಾತು ಹಂಗs ಐತಿ. ನನ್ನ ಈಗೂ ತಂಗಿ ಹೆಸರಿಂದನs ಕರೀತಾಳ. ಆದ್ರ ಹೋದ ಸ್ವಾಮವಾರ ಮುಂಜಾನೆ ತಲಿ ಬಾಚಾಕ ಮುಂದ ಕುಂತಾಗ ನನ್ನ ಮುಖ ನೋಡಿ, ಹಣಿ ಮ್ಯಾಲಿನ ಕೂದಲ ಸರಿಸಿ, 'ಅಯ್ಯ, ನಿನ್ನ ತಲಿ ಎಷ್ಟ ಬೆಳ್ಳಗಾತಲ್ಲs' ಅಂದ್ಲು. ನನ್ನ ತಲಿ ಬೆಳ್ಳಗಾಗಿ ಮೂರು ವರ್ಷ ಆತ್ರಿ. ಅಕಿ ನೋಡಿರಲೇ ಇಲ್ಲ.

ಕಪಾಟದಾಗಿನ ಖಣ ಎಲ್ಲಾ ತಗದು ಮುಂದ ಹರವೀನಿ. ಅಂಚಿನ ಎಳಿ ಬಿಸಲಿಗೆ ಹಿಡದು ನೋಡಕೋತ ತಾಸಗಟ್ಟಲೆ ಕುಂದರತಾಳ. ಸಂಜಿಗೆ 'ಮನಿಗೆ ನಡಿ' ಅನ್ನೂದು ಪೂರಾ ನಿಂತಿಲ್ಲ, ಐದಕ್ಕ ಲೈಟ್ ಹಚ್ಚಿದ ದಿನ ಕಡಿಮಿ ಇರತೈತಿ.

ಒಂದ ದಿನ ನೋಡೂಣಂತ ಆ ಕರೀ ಕಾಲೊರಸು ಮತ್ತ ಹಾಸಿದೆ. ಕಣ್ಣ ಬಂದರೂ ಅಕಿ ಅದನ್ನ ದಾಟಲಿಲ್ಲ. ಅಲ್ಲೇ ನಿಂತು ನನ್ನ ರಟ್ಟಿ ಹಿಡದ್ಲು. ತಗದು ಹಿತ್ತಲಕ್ಕ ಒಗದು, ಮನಿ ಬಣ್ಣದ್ದs ಒಂದು ಹಾಸೀನಿ.

ಎಡಗಣ್ಣಿಗೆ ಮುಂದಿನ ತಿಂಗಳ ಕರದಾರ.